ಗೀರುಗಲ್ಲಿನ ಗುಲಾಬಿ ಅಂಚು

ಇತಿಹಾಸಪೂರ್ವ ಕಾಲದ ಗೀರುಗಳಿರುವ ಕಲ್ಲೊಂದು ಸಿಕ್ಕಿತೆಂದರೆ ಸಾಕು, ಅದು ಪೂಜೆಯ ವಸ್ತು, ಇಲ್ಲವೇ ಪಂಚಾಂಗ ಎಂಬ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಈ ಅವಸರ ನನಗೆ ಒಪ್ಪಿಗೆಯಾಗುವುದಿಲ್ಲ. ಚಿತ್ರದ ಅರ್ಥ ಕೆತ್ತಿದವರೊಂದಿಗೇ ಹೋಯಿತು. ಆದರೆ ಕಲ್ಲು ಎಲ್ಲಿ ಬಿಸಿಯಾಯಿತು, ಹೇಗೆ ಒಡೆಯಿತು, ಯಾವ ಮಣ್ಣಿನಲ್ಲಿ ಹೂತುಹೋಯಿತು ಎಂಬುದರ ಗುರುತುಗಳು ಉಳಿದಿರುತ್ತವೆ, ಬಳಕೆಯ ಪ್ರಶ್ನೆಯನ್ನು ಕೇಳಬೇಕಾದದ್ದು ಆ ಗುರುತುಗಳನ್ನೇ.

ಫ್ರಾನ್ಸಿನ ಮೊಂಟಾಸ್ಟ್ರುಕ್‌ನಲ್ಲಿ ಸಿಕ್ಕಿ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಸುಣ್ಣಕಲ್ಲಿನ ಚಪ್ಪಟೆ ತುಂಡುಗಳನ್ನು ನೋಡಿ. ಸುಮಾರು 15,000 ವರ್ಷಗಳ ಹಿಂದೆ ಅವುಗಳ ಮೇಲೆ ಕುದುರೆ, ಕಾಡುಮೇಕೆ, ಹಿಮಸಾರಂಗಗಳನ್ನು ಒಂದರ ಮೇಲೊಂದು ಬೀಳುವಂತೆ ಗೀರಿದ್ದಾರೆ. ಹಲವು ತುಂಡುಗಳ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ಕಾವು ತಗುಲಿದಾಗ ಹಾಗೆ ಕೆಂಪಾಗುತ್ತದೆ. ಇಂಥ 50 ಕಲ್ಲುಗಳನ್ನು ಪರೀಕ್ಷಿಸಿ, ಅವುಗಳ ಪ್ರತಿಕೃತಿಗಳನ್ನು ಬೆಂಕಿಯ ಬಳಿ ಇಟ್ಟು ನೋಡಿದ ಸಂಶೋಧಕರು, ಇವನ್ನು ಒಲೆಯ ಪಕ್ಕದಲ್ಲಿ ಇಟ್ಟುಕೊಂಡಿರಬೇಕೆಂದು 2022ರಲ್ಲಿ ವಾದಿಸಿದರು. ಉರಿ ಅಲುಗಿದಂತೆಲ್ಲ ಗೀರಿನೊಳಗಿನ ನೆರಳೂ ಸರಿಯುತ್ತದೆ. ಒಂದು ಕುದುರೆಯ ಕಾಲು ಮಸುಕಾಗುವಷ್ಟರಲ್ಲಿ ಇನ್ನೊಂದರ ಬೆನ್ನು ಎದ್ದು ಕಾಣುತ್ತದೆ. ಮ್ಯೂಸಿಯಂನ ನಿಶ್ಚಲ ದೀಪದಡಿ ನೋಡುವವರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವೇನಿಲ್ಲ. ಕೆತ್ತಿದ್ದೇ ಈ ಆಟಕ್ಕಾಗಿ ಎಂದು ಸಾಬೀತಾಗಿಲ್ಲ ನಿಜ, ಆದರೂ ಈ ಊಹೆ ಕಲ್ಲಿನ ಮೈಮೇಲಿನ ಗುಲಾಬಿ ಗುರುತಿನಿಂದಲೇ ಹುಟ್ಟಿದೆ ಎಂಬ ಕಾರಣಕ್ಕೆ ನಾನು ಅದನ್ನು ಗೌರವಿಸುತ್ತೇನೆ.

ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದಲ್ಲಿ ಸೂರ್ಯ ಮತ್ತು ಸಸ್ಯಗಳನ್ನು ಗೀರಿದ ನೂರಾರು ಪುಟ್ಟ ಕಲ್ಲುಗಳನ್ನು ಕ್ರಿ.ಪೂ. 2900ರ ಸುಮಾರಿಗೆ ಕಂದಕಗಳಲ್ಲಿ ಹೂಳಲಾಗಿತ್ತು. ಜ್ವಾಲಾಮುಖಿಯೊಂದರ ಧೂಳು ಬಿಸಿಲನ್ನು ಮರೆಮಾಡಿದಾಗ ಇವನ್ನು ಅರ್ಪಿಸಿದರು ಎನ್ನುತ್ತದೆ 2025ರ ಒಂದು ಅಧ್ಯಯನ. ಹೂಳಿದ್ದು ಸತ್ಯ, ಜ್ವಾಲಾಮುಖಿಯ ನಂಟು ಊಹೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಒಂದು ಕಲ್ಲಿಗೆ ಒಂದೇ ಬಳಕೆ ಎಂದುಕೊಳ್ಳುವುದೂ ತಪ್ಪೇ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸೇಂಟ್-ಬೆಲೆಕ್‌ನಲ್ಲಿ 1900ರಲ್ಲಿ ಸಿಕ್ಕ ಕಂಚಿನ ಯುಗದ ದೊಡ್ಡ ಚಪ್ಪಡಿ ಓಡೆ ನದಿಯ ಕಣಿವೆಯ ನಕ್ಷೆಯಾಗಿರಬಹುದೆಂಬ ವಾದ 2021ರಲ್ಲಿ ಪ್ರಕಟವಾಯಿತು. ಅದು ದೊರೆತದ್ದು ಮಾತ್ರ ಗೋರಿಯೊಂದರ ಗೋಡೆಯ ಭಾಗವಾಗಿ, ಅದೂ ಮುರಿದ ಸ್ಥಿತಿಯಲ್ಲಿ. ಆಳುತ್ತಿದ್ದವರ ಅಧಿಕಾರ ಮುಗಿದಾಗ ಅದನ್ನು ಬೇಕೆಂದೇ ಒಡೆದಿರಬಹುದು ಎನ್ನುವವರಿದ್ದಾರೆ; ಗೋರಿ ಕಟ್ಟುವವರಿಗೆ ಅಳತೆಗೆ ಸರಿಹೊಂದುವ ಚಪ್ಪಡಿ ಬೇಕಾಗಿತ್ತು, ಅಷ್ಟೇ ಎಂಬುದೂ ನನಗೆ ಅಷ್ಟೇ ಸಂಭವನೀಯವಾಗಿ ಕಾಣುತ್ತದೆ.