ಎಲ್ಲರಿಗಿಂತ ನಿಧಾನ ನಡೆಯುವವನು

ಕೇಳುಗರೇ, ನಮಸ್ಕಾರ. ಮಕ್ಕಳನ್ನು ಬೆಟ್ಟ ಹತ್ತಲು ಕರೆದೊಯ್ಯುವವರಿಗೆ ಇಂದು ನಾಲ್ಕು ಮಾತು.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತವನ್ನು ಹತ್ತುವ ದೊಡ್ಡವರು ನಡುದಾರಿಯ ಗಿರಿಗದ್ದೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ 1712 ಮೀಟರ್ ಎತ್ತರದ ತುದಿ ಮುಟ್ಟಿ ಅಂದೇ ಕೆಳಗಿಳಿಯುವುದು ರೂಢಿಯಾಗಿತ್ತು. ಹನ್ನೆರಡು, ಹದಿಮೂರು ವರ್ಷದ ಮಕ್ಕಳಿಗೆ ಈ ಅವಸರ ಬೇಡ. ತಂಗಲು ಅನುಮತಿ ಸಿಕ್ಕರೆ ಮೂರು ದಿನ ಇಟ್ಟುಕೊಳ್ಳಿ. ಎರಡನೆಯ ರಾತ್ರಿಯೂ ಗಿರಿಗದ್ದೆಯಲ್ಲೇ ಉಳಿದರೆ ತುದಿ ಹತ್ತುವ ದಿನ ಭಾರದ ಚೀಲಗಳನ್ನು ಅಲ್ಲೇ ಬಿಟ್ಟು ಹೋಗಬಹುದು. ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ತಂಗುವುದಕ್ಕೆ ಆಗ ಯಾವ ನಿಯಮವಿದೆ ಎಂಬುದನ್ನು ದಿನಾಂಕ ಗೊತ್ತುಮಾಡುವ ಮೊದಲೇ ಕೇಳಿಕೊಳ್ಳಿ.

ಚೀಲವನ್ನು ತಕ್ಕಡಿಯಲ್ಲಿಟ್ಟು ತೂಗಿ. 40 ಕಿಲೋ ತೂಕದ ಹುಡುಗಿಗೆ 4 ಕಿಲೋ ಹೊರೆ ಹಿತ, 6 ಕಿಲೋ ದಾಟಲೇಬಾರದು. 2 ಲೀಟರ್ ನೀರೇ 2 ಕಿಲೋ ಆಗುತ್ತದೆ. ಆದ್ದರಿಂದ ಅಮ್ಮ ಪ್ರೀತಿಯಿಂದ ತುರುಕಿದ ಮೂರನೆಯ ಸ್ವೆಟರ್ ಮನೆಯಲ್ಲೇ ಉಳಿಯಬೇಕು. ಅವಲಕ್ಕಿ, ಚಪಾತಿ, ಚಟ್ನಿಪುಡಿ, ಶೇಂಗಾ ಚಿಕ್ಕಿ ಸಾಕು. ಚೀಲವನ್ನು ಮಕ್ಕಳೇ ತುಂಬಿಕೊಳ್ಳಲಿ. ಕತ್ತಲಲ್ಲಿ ಟಾರ್ಚ್ ಹುಡುಕಬೇಕಾದವರು ಅವರೇ ತಾನೆ?

ನಾನು ಮೊದಲ ಸಲ ಮಕ್ಕಳನ್ನು ಕರೆದೊಯ್ದಾಗ ಮಾಡಿದ ತಪ್ಪು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ಚುರುಕಾದವರನ್ನು ಮುಂದೆ ಬಿಟ್ಟಿದ್ದೆ. ಅವರು ಆಗಾಗ ಬಂಡೆಯ ಮೇಲೆ ಕುಳಿತು, ನೀರು ಕುಡಿದು, ಹರಟುತ್ತ ಹಿಂದಿನವರಿಗಾಗಿ ಕಾಯುತ್ತಿದ್ದರು. ದಪ್ಪ ಮೈಯ, ಮಾತು ಕಡಿಮೆಯ ಹುಡುಗನೊಬ್ಬ ಏದುಸಿರು ಬಿಡುತ್ತ ಅಲ್ಲಿಗೆ ತಲುಪುವಷ್ಟರಲ್ಲಿ ಅವರ ದಣಿವು ಆರಿರುತ್ತಿತ್ತು. "ಬಂದನಲ್ಲ, ಹೊರಡೋಣ" ಎಂದು ಎದ್ದುಬಿಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ದಣಿದವನಿಗೆ ಇಡೀ ಬೆಳಗ್ಗೆ ಒಮ್ಮೆಯೂ ಕುಳಿತುಕೊಳ್ಳಲು ಆಗಿರಲಿಲ್ಲ. ಮಧ್ಯಾಹ್ನ ಅವನ ನೀರಿನ ಬಾಟಲಿಯನ್ನು ಕೈಗೆತ್ತಿಕೊಂಡೆ. ತುಂಬಿಯೇ ಇತ್ತು. ಯಾಕಪ್ಪಾ ಎಂದು ಕೇಳಿದರೆ, "ಕುಡಿಯಲು ನಿಂತರೆ ಇನ್ನೂ ಹಿಂದುಳಿಯುತ್ತೇನೆ, ಸರ್" ಎಂದ.

ಅಂದಿನಿಂದ ನಿಧಾನ ನಡೆಯುವವರು ಮುಂದೆ, ಅವರ ಜೊತೆಗೆ ದಾರಿ ಬಲ್ಲ ಒಬ್ಬರು. ಕೊನೆಯಲ್ಲಿ ಇನ್ನೊಬ್ಬ ಹಿರಿಯರು. ಅವರ ಹಿಂದೆ ಯಾವ ಮಗುವೂ ಇರಬಾರದು. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ. ಮೂರು ಸಲ ಊದಿದರೆ ನೆರವು ಬೇಕೆಂದು ಅರ್ಥ.

ಹೆಣ್ಣುಮಕ್ಕಳ ಜೊತೆ ಮುಟ್ಟಿನ ವಿಷಯವನ್ನು ಶಿಕ್ಷಕಿಯೊಬ್ಬರು ಮೊದಲೇ ಬಿಚ್ಚಿ ಮಾತನಾಡಲಿ. ಆ ದಿನಗಳಲ್ಲಿ ಬೇಕಾದದ್ದು, ಬಳಸಿದ್ದನ್ನು ಊರಿಗೆ ಮರಳಿ ತರುವ ಚೀಲ, ಎರಡೂ ಜೊತೆಗಿರಲಿ. ಉಬ್ಬಸವಿರುವ ಮಗುವಿನ ಔಷಧಿ ಎಲ್ಲಿದೆ ಎಂಬುದು ಇಬ್ಬರು ಹಿರಿಯರಿಗಾದರೂ ಗೊತ್ತಿರಬೇಕು. ನೆಲ ಒದ್ದೆಯಿದ್ದರೆ ಇಂಬಳ ಹತ್ತುತ್ತದೆ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿಕೊಂಡರೆ ಅರ್ಧ ಭಯ ಹೋಗುತ್ತದೆ.

ಹೊರಡುವ ಮುನ್ನ ಎರಡು ಭಾನುವಾರ, ತುಂಬಿದ ಚೀಲ ಹೊತ್ತು ಊರಿನ ಸುತ್ತ ನಡೆಸಿ. ಹೊಸ ಬೂಟು ಕಾಲಿನಲ್ಲಿ ಬೊಬ್ಬೆ ಎಬ್ಬಿಸುವುದಾದರೆ ಅಲ್ಲೇ ಎಬ್ಬಿಸಲಿ.

ಮರುವರ್ಷ ಆ ಹುಡುಗ ಮತ್ತೆ ಬಂದ. ಈ ಸಲ ಸಾಲಿನ ಮುಂದೆ ಅವನೇ. ಗಿರಿಗದ್ದೆ ದಾಟಿ ಹುಲ್ಲಿನ ಬೋರೆ ಹತ್ತುವಾಗ ನಡುವೆ ನಿಂತು, ಬಾಟಲಿ ತೆರೆದು ಗಟಗಟನೆ ನೀರು ಕುಡಿದ. ಅವನ ಹಿಂದೆ ಇಪ್ಪತ್ತು ಮಕ್ಕಳೂ ನಿಂತು ಕುಡಿದರು.

ನಮಸ್ಕಾರ.