ಬಂಡೆ ಹತ್ತುವ ಜೀಪಿಗೆ ಆಕ್ಸಲ್ ಎಷ್ಟು ಅಗಲ ಇರಬೇಕು?

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಮನೆ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಇಲ್ಲಿ ಕೂತವರಲ್ಲಿ ಸುಮಾರು ಜನ ಪುಣೆ ಸುತ್ತಲಿನ ಚಾಕಣ, ಭೋಸರಿ, ಪಿಂಪರಿ ಕಡೆ ಗಾಡಿ ಕಾರ್ಖಾನೆಗಳಲ್ಲೇ ದುಡಿಯುವವರು. ಆಕ್ಸಲ್ ಅಂದರೆ ಎಡಬಲದ ಗಾಲಿಗಳನ್ನು ಹೊತ್ತ ಅಡ್ಡ ದಂಡ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಹಳೇ ಮಾರುತಿ ಜಿಪ್ಸಿಯನ್ನೋ ಜೀಪನ್ನೋ ಬಂಡೆ ಹತ್ತುವ ಆಟಕ್ಕೆ, ಅಂದರೆ ರಾಕ್ ಕ್ರಾಲಿಂಗ್‌ಗೆ ಅಂತ ಕಟ್ಟಲು ಹೊರಟವರು ಮೊದಲು ಕೇಳುವುದು, "ಸರ್, ಯಾವ ಆಕ್ಸಲ್ ಹಾಕಲಿ?" ಅಂತ. ನನ್ನ ಪ್ರಕಾರ ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ದಾರಿ ನೋಡಿ. ಆಮೇಲೆ ಟೈರ್, ಆಮೇಲೆ ಗಾಡಿಯ ಒಟ್ಟು ಅಗಲ, ಆಮೇಲೆ ರಿಮ್. ಇವು ಗೊತ್ತಾದರೆ ಆಕ್ಸಲ್ ಅಗಲ ಬರೀ ಕಳೆಯುವ ಲೆಕ್ಕ. ನಮ್ಮಲ್ಲಿ ಆಗುವುದು ಉಲ್ಟಾ. ಗುಜರಿಯಲ್ಲಿ ಒಂದು ಆಕ್ಸಲ್ ಅಗ್ಗಕ್ಕೆ ಸಿಕ್ಕಿತು ಅಂತ ಹೊತ್ತು ತರುತ್ತಾರೆ, ಆಮೇಲೆ ಇಡೀ ಗಾಡಿಯನ್ನು ಅದಕ್ಕೆ ಹೊಂದಿಸಲು ಒದ್ದಾಡುತ್ತಾರೆ.

ಅಗಲ ಅಂದಾಗ ಮೂರು ಅಳತೆಗಳು ಕಲಸಿಹೋಗುತ್ತವೆ. ಒಂದು, ಈ ಬದಿಯ ಹಬ್ ಮುಖದಿಂದ ಆ ಬದಿಯ ಹಬ್ ಮುಖದವರೆಗೆ, ಅಂದರೆ ರಿಮ್ ಬಂದು ಕೂರುವ ಜಾಗದಿಂದ ಜಾಗಕ್ಕೆ. ಇದು ಆಕ್ಸಲ್ ಅಗಲ. ಎರಡು, ಟೈರ್ ನಡುವಿನಿಂದ ಟೈರ್ ನಡುವಿಗೆ. ಇದು ಟ್ರ್ಯಾಕ್. ಮೂರು, ಟೈರ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ. ಎರಡು ಬಂಡೆಗಳ ನಡುವೆ ಗಾಡಿ ತೂರುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು ಈ ಮೂರನೆಯದು. ಗಾಡಿ ಪಕ್ಕಕ್ಕೆ ಮಗುಚುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು ಎರಡನೆಯದು. ಮೊದಲನೆಯದು ವರ್ಕ್‌ಶಾಪಿನವರಿಗೆ ಬೇಕಾದ ಅಳತೆ, ಅಷ್ಟೇ.

ಈಗ ಒಂದು ಲೆಕ್ಕ ಮಾಡೋಣ. ಇಡೀ ಮಾತಿನ ಜೀವ ಇರುವುದು ಇದರಲ್ಲೇ, ದಯವಿಟ್ಟು ಸ್ವಲ್ಪ ಗಮನ ಕೊಡಿ. ಟ್ರ್ಯಾಕನ್ನು ಗುರುತ್ವ ಕೇಂದ್ರದ, ಅಂದರೆ ಗಾಡಿಯ ಭಾರವೆಲ್ಲ ಕೂಡಿದಂತಿರುವ ಬಿಂದುವಿನ, ಎತ್ತರದ ಎರಡರಷ್ಟರಿಂದ ಭಾಗಿಸಿ. ಉತ್ತರ 1 ಬಂದರೆ, ಗಾಡಿ 45 ಡಿಗ್ರಿ ಅಡ್ಡ ವಾಲುವವರೆಗೆ ಮಗುಚುವುದಿಲ್ಲ. ಇದು ಕಾಗದದ ಮೇಲಿನ ಮಾತು. ಸ್ಪ್ರಿಂಗ್ ಕುಗ್ಗಿ, ಗಾಳಿ ಇಳಿಸಿದ ಟೈರ್ ಮಡಚಿಕೊಳ್ಳುವುದರಿಂದ ನಿಜವಾದ ಬಂಡೆಯ ಮೇಲೆ ಇನ್ನೂ ಬೇಗ ಮಗುಚುತ್ತದೆ. ಆದರೂ ಎರಡು ಗಾಡಿಗಳನ್ನು ಹೋಲಿಸಲು ಈ ಲೆಕ್ಕ ಸಾಕು.

ಜಿಪ್ಸಿ ಕಿಂಗ್‌ನ ಟ್ರ್ಯಾಕ್ ಸುಮಾರು 1300 ಮಿ.ಮೀ. ಗುರುತ್ವ ಕೇಂದ್ರ 650 ಮಿ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಳ್ಳಿ. ಉತ್ತರ 1, ಅಂದರೆ 45 ಡಿಗ್ರಿ. ಇದಕ್ಕೆ 35 ಇಂಚಿನ ಟೈರ್ ಹಾಕಿದಿರಿ. ಕಂಪನಿಯ ಟೈರ್‌ಗಿಂತ ಅದರ ತ್ರಿಜ್ಯ ಸುಮಾರು 110 ಮಿ.ಮೀ. ಜಾಸ್ತಿ, ಗಾಡಿ ಅಷ್ಟು ಮೇಲಕ್ಕೆ ಹೋಯಿತು. ಟೈರ್ ತನ್ನ ಮೇಲಿನ ತಗಡಾದ ಫೆಂಡರ್‌ಗೆ ತಾಗುತ್ತದೆ ಅಂತ ಸ್ಪ್ರಿಂಗ್ ಎತ್ತರಿಸಿ 90 ಮಿ.ಮೀ. ಲಿಫ್ಟ್ ಕೂಡ ಕೊಟ್ಟಿರಿ. ಗುರುತ್ವ ಕೇಂದ್ರ ಹೆಚ್ಚುಕಡಿಮೆ 850ಕ್ಕೆ ಏರಿತು. ಟ್ರ್ಯಾಕ್ ಮಾತ್ರ ಅದೇ 1300. ಮಗುಚುವ ಕೋನ ಈಗ 37 ಡಿಗ್ರಿಯ ಆಸುಪಾಸು. ಕಳೆದುಕೊಂಡದ್ದನ್ನೆಲ್ಲ ಬರೀ ಅಗಲದಿಂದ ವಾಪಸ್ ತರಬೇಕಾದರೆ ಟ್ರ್ಯಾಕ್ 1700 ಆಗಬೇಕು. ಅದಕ್ಕೆ ಹನ್ನೆರಡೂವರೆ ಇಂಚು ಅಗಲದ ಟೈರ್ ಸೇರಿಸಿದರೆ ಒಟ್ಟು ಅಗಲ ಎರಡು ಮೀಟರ್ ದಾಟುತ್ತದೆ. ಅಷ್ಟು ಅಗಲದ ಗಾಡಿ ನಮ್ಮ ಸಹ್ಯಾದ್ರಿಯ ಹಳ್ಳದ ದಾರಿಯಲ್ಲಿ ಎಲ್ಲಿ ಹೋಗುತ್ತದೆ, ಹೇಳಿ?

ಅದರ ಬದಲು ಲಿಫ್ಟನ್ನೇ ಬಿಟ್ಟುಬಿಡಿ. ಫೆಂಡರ್ ಕತ್ತರಿಸಿ ಟೈರ್‌ಗೆ ಜಾಗ ಮಾಡಿ. ಗುರುತ್ವ ಕೇಂದ್ರ 760ಕ್ಕೇ ನಿಲ್ಲುತ್ತದೆ. ಟ್ರ್ಯಾಕ್ 1500 ಇಟ್ಟರೆ ಕೋನ ಮತ್ತೆ 45ರ ಹತ್ತಿರ ಬರುತ್ತದೆ. ಒಟ್ಟು ಅಗಲ ಸುಮಾರು 1820 ಮಿ.ಮೀ. 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಅಗಲವೂ ಅಷ್ಟೇ. ಅಂದರೆ ಥಾರ್ ಹೋಗುವ ಕಡೆಯೆಲ್ಲ ನಿಮ್ಮ ಗಾಡಿಯೂ ಹೋಗುತ್ತದೆ. 45 ಡಿಗ್ರಿ ಉಳಿಯಬೇಕಾದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಎರಡು ಸೆಂಟಿಮೀಟರ್ ಟ್ರ್ಯಾಕ್ ತೆರಬೇಕು. ಲಿಫ್ಟ್ ಕಿಟ್ ಆರ್ಡರ್ ಮಾಡುವ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ.

ಗಾಡಿ ಕಂಪನಿಗಳೂ ಹೋದದ್ದು ಇದೇ ದಾರಿಯಲ್ಲಿ. ಯುದ್ಧಕಾಲದ ವಿಲ್ಲಿಸ್ ಜೀಪಿನ ಟ್ರ್ಯಾಕ್ ಸುಮಾರು 49 ಇಂಚು. 1982ರಲ್ಲಿ ಜೀಪಿನ ಸಿಜೆ-7 ಮಾದರಿಗೆ ಅಗಲದ ಆಕ್ಸಲ್ ಬಂತು. 1987ರ ಜೀಪ್ ರ್‍ಯಾಂಗ್ಲರ್‌ನಲ್ಲಿ 58 ಇಂಚಾಯಿತು, 2007ರ ಮಾದರಿಯಲ್ಲಿ ಸುಮಾರು 62. ನಮ್ಮ ಜಿಪ್ಸಿ ಕೂಡ ಮೊದಲು ಕಿರಿದಾಗಿತ್ತು, ಆಮೇಲೆ ಅಗಲವಾಯಿತು.

ಹಾಗಂತ ಅಗಲ ಜಾಸ್ತಿ ಆದಷ್ಟೂ ಒಳ್ಳೆಯದಾ? ಅಮೆರಿಕದ ಮರುಭೂಮಿಯಲ್ಲಿ ಬಂಡೆ ಹತ್ತುವವರು ದೊಡ್ಡ ಟ್ರಕ್ಕಿನ ಆಕ್ಸಲನ್ನು ಪೂರ್ತಿ ಅಗಲದಲ್ಲೇ ಹಾಕುತ್ತಾರೆ. ಅಲ್ಲಿ ಪಕ್ಕದಲ್ಲಿ ಜಾಗ ಇದೆ. ಪುಣೆ ಹತ್ತಿರದ ಘಟ್ಟದಲ್ಲಿ ಮುಳಶಿ, ತಾಮ್ಹಿಣಿ ಕಡೆಯ ದಾರಿ ಹಾಗಲ್ಲ. ಒಂದು ಕಡೆ ಬಸಾಲ್ಟ್ ಬಂಡೆಯ ಗೋಡೆ, ಇನ್ನೊಂದು ಕಡೆ ಇಳಿಜಾರು, ಮಧ್ಯೆ ಜೀಪು, ಟ್ರ್ಯಾಕ್ಟರು ಓಡಾಡಿ ಬಿದ್ದ ಗಾಲಿ ಜಾಡು. ನಿಮ್ಮ ಟ್ರ್ಯಾಕ್ ಆ ಜಾಡಿಗೆ ಹೊಂದಲಿಲ್ಲ ಅಂದರೆ ಒಂದು ಗಾಲಿ ಜಾಡಿನೊಳಗೆ, ಇನ್ನೊಂದು ದಿಬ್ಬದ ಮೇಲೆ. ಮಗುಚಬಾರದು ಅಂತ ಅಗಲ ಮಾಡಿಸಿದ ಗಾಡಿ ಸಪಾಟು ದಾರಿಯಲ್ಲೇ ವಾಲಿಕೊಂಡು ಹೋಗುತ್ತದೆ. ಗೋವಾದಲ್ಲಿ ಮಳೆಗಾಲಕ್ಕೆ ನಡೆಯುವ ರೈನ್‌ಫಾರೆಸ್ಟ್ ಚಾಲೆಂಜ್ ಎಂಬ ಗಾಡಿ ಸ್ಪರ್ಧೆ ನೋಡಿದವರಿಗೆ ಗೊತ್ತು, ಜಂಬಿಟ್ಟಿಗೆ ಮಣ್ಣಿನ ಕಿರಿದಾದ ಕೊರಕಲಿನಲ್ಲಿ ಸಣ್ಣ ಗಾಡಿಗಳು ಎಷ್ಟು ಚೆನ್ನಾಗಿ ನುಸುಳುತ್ತವೆ ಅಂತ.

ಮುಂದಿನ ಆಕ್ಸಲ್‌ಗಿಂತ ಹಿಂದಿನದು ಒಂದೆರಡು ಇಂಚು ಕಡಿಮೆ ಇದ್ದರೆ ಒಳ್ಳೆಯದು. ತಿರುಗುವಾಗ ಹಿಂದಿನ ಗಾಲಿ ಮುಂದಿನದಕ್ಕಿಂತ ಒಳಗೆ ಬರುತ್ತದೆ, ಮುಂದಿನ ಟೈರ್ ದಾಟಿದ ಕಲ್ಲಿಗೆ ಹಿಂದಿನ ಟೈರ್ ಹೋಗಿ ತಾಗುತ್ತದೆ.

ಈಗ ಅಗ್ಗದ ದಾರಿಯ ಬಗ್ಗೆ. ಆಕ್ಸಲ್ ಮುಟ್ಟದೆ, ಹಬ್‌ಗೂ ರಿಮ್‌ಗೂ ನಡುವೆ ಕೂರುವ ಬಿಲ್ಲೆ (ಸ್ಪೇಸರ್) ಅಥವಾ ಗಾಲಿಯನ್ನು ಹೊರಕ್ಕೆ ತಳ್ಳುವ ಮೈನಸ್ ಆಫ್‌ಸೆಟ್ ರಿಮ್ ಹಾಕಿ ಅಗಲ ಮಾಡುವುದು. ಸ್ವಲ್ಪ ಮಟ್ಟಿಗೆ ಸರಿ, ಪೂರ್ತಿ ಅದನ್ನೇ ನಂಬಬೇಡಿ. ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ ಮೂಲಕ ಒಂದು ಗೆರೆ ಎಳೆದು ನೆಲದವರೆಗೆ ಇಳಿಸಿ. ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನಡುವಿಗೂ ಇರುವ ದೂರವೇ ಸ್ಕ್ರಬ್ ರೇಡಿಯಸ್. ರಿಮ್ ಹೊರಗೆ ಹೋದಷ್ಟೂ ಈ ದೂರ ಬೆಳೆಯುತ್ತದೆ. ಆಗ ಟೈರ್‌ನ ಹೊರ ಅಂಚು ಕಲ್ಲಿಗೆ ಬಡಿದರೆ ಆ ಹೊಡೆತ ಗಾಲಿಗಳನ್ನು ತಿರುಗಿಸುವ ಟೈ ರಾಡ್ ಹಿಡಿದು ನೇರ ಸ್ಟೀರಿಂಗ್‌ಗೆ ಬರುತ್ತದೆ. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಗರ್ರನೆ ತಿರುಗುತ್ತದೆ. ಹೆಬ್ಬೆರಳನ್ನು ಸ್ಟೀರಿಂಗ್‌ನ ಕಡ್ಡಿಯೊಳಗೆ ಸಿಕ್ಕಿಸಿ ಹಿಡಿಯಬೇಡಿ ಅಂತ ಹೊಸಬರಿಗೆ ಹೇಳುವುದು ಇದಕ್ಕೇ. ವೀಲ್ ಬೇರಿಂಗ್ ಮೇಲೆ ಬೀಳುವ ಭಾರವೂ ಹೊರಕ್ಕೆ ಸರಿಯುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ.

ಆಕ್ಸಲ್ಲೇ ಅಗಲವಾದರೆ ಈ ಕಾಟ ಇಲ್ಲ. ಇನ್ನೊಂದು ಲಾಭವೂ ಇದೆ. ಲೀಫ್ ಸ್ಪ್ರಿಂಗ್‌ಗೂ ಟೈರ್‌ಗೂ ನಡುವೆ ಜಾಗ ಸಿಗುವುದರಿಂದ ಗಾಲಿ ಎಡಬಲಕ್ಕೆ ಜಾಸ್ತಿ ತಿರುಗುತ್ತದೆ. ಸ್ಪ್ರಿಂಗ್‌ಗಳ ನಡುವಿನ ದೂರ 900 ಮಿ.ಮೀ. ಇದೆ, ಒಂದು 100 ಕುಗ್ಗಿ ಇನ್ನೊಂದು 100 ಹಿಗ್ಗಿದೆ ಅನ್ನಿ. 1300 ಟ್ರ್ಯಾಕ್‌ನಲ್ಲಿ ಎರಡು ಟೈರ್‌ಗಳ ಎತ್ತರದ ವ್ಯತ್ಯಾಸ ಸುಮಾರು 290, 1500ರಲ್ಲಿ ಸುಮಾರು 330. ಅದೇ ಸ್ಪ್ರಿಂಗ್, ಆದರೆ ಗಾಲಿ ಇನ್ನೂ ಎತ್ತರದ ಕಲ್ಲು ಹತ್ತುತ್ತದೆ. ಇದಕ್ಕೂ ಬೆಲೆ ಇದೆ. ಆಕ್ಸಲ್‌ನ ಹೊರ ಕವಚವಾದ ಹೌಸಿಂಗ್‌ನ ಟ್ಯೂಬನ್ನು ಬಗ್ಗಿಸುವ ಬಲ ಹೆಚ್ಚಾಗುತ್ತದೆ, ಅದಕ್ಕೆ ಪಟ್ಟಿ ಹಾಕಿ ಗಟ್ಟಿ ಮಾಡಬೇಕು.

ಕಾನೂನಿನ ಮಾತು ಒಂದೇ ಒಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ತಡೆ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಇಂಥ ಗಾಡಿಯನ್ನು ಟ್ರೇಲರ್ ಮೇಲೆ ಸಾಗಿಸಿ, ಅನುಮತಿ ಇರುವ ಖಾಸಗಿ ಜಾಗದಲ್ಲೇ ಓಡಿಸಿ. ಕಾಡಿನೊಳಗೆ, ಹೊಳೆಯೊಳಗೆ ನುಗ್ಗಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಕೊನೆಯದಾಗಿ ಕೆಲಸ ಶುರು ಮಾಡುವ ಬಗೆ. 1820 ಮಿ.ಮೀ. ಉದ್ದದ ಒಂದು ಬಿದಿರಿನ ಕೋಲು ಕತ್ತರಿಸಿಕೊಳ್ಳಿ. ನೀವು ಓಡಿಸುವ ದಾರಿಯಲ್ಲಿ ಅದನ್ನು ಅಡ್ಡ ಹಿಡಿದು ನಡೆಯಿರಿ, ತಡೆದ ಜಾಗವನ್ನೆಲ್ಲ ಬರೆದುಕೊಳ್ಳಿ. ಅದರಿಂದ ಒಟ್ಟು ಅಗಲ ನಿರ್ಧಾರವಾಗುತ್ತದೆ. ಒಂದು ಟೈರ್ ಅಗಲ ಕಳೆದರೆ ಟ್ರ್ಯಾಕ್. ರಿಮ್‌ನ ಆಫ್‌ಸೆಟ್ ಮೈನಸ್ 25 ಇದ್ದರೆ, ಅಂದರೆ ಟೈರ್ ನಡು ಹಬ್ ಮುಖಕ್ಕಿಂತ 25 ಮಿ.ಮೀ. ಹೊರಗಿದ್ದರೆ, ಎರಡೂ ಬದಿಗೆ ಸೇರಿ 50 ಕಳೆಯಿರಿ. 1500ರ ಟ್ರ್ಯಾಕ್‌ಗೆ 1450ರ ಆಕ್ಸಲ್. ಸಿಕ್ಕಿದ ಆಕ್ಸಲ್ ಅದಕ್ಕಿಂತ ಅಗಲ ಇದ್ದರೆ ಟ್ಯೂಬ್ ಕತ್ತರಿಸಬೇಕಾಗುತ್ತದೆ. ಮುಂದಿನ ಆಕ್ಸಲ್‌ಗೆ ಎಂಜಿನ್ ಶಕ್ತಿ ಒಯ್ಯುವ ಪ್ರಾಪೆಲ್ಲರ್ ಶಾಫ್ಟ್, ಆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಯಾವ ಬದಿಗೆ ಇಳಿಯುತ್ತದೆ ಅಂತ ನೋಡಿಕೊಂಡು, ಯಾವ ಕಡೆಯ ಟ್ಯೂಬ್ ಕತ್ತರಿಸಬೇಕು ಅಂತ ಆಮೇಲೆ ಹೇಳಿ. ಬೇರಿಂಗ್ ಜಾಗದಲ್ಲಿ ನೇರವಾದ ಅಲೈನ್‌ಮೆಂಟ್ ಬಾರ್ ತೂರಿಸದೆ ವೆಲ್ಡಿಂಗ್ ಮಾಡಲು ಬಿಡಬೇಡಿ, ಬಿಸಿಗೆ ಟ್ಯೂಬ್ ಎಳೆದುಕೊಂಡು ಡೊಂಕಾಗುತ್ತದೆ. ಟ್ಯೂಬಿನೊಳಗೆ ತಿರುಗುವ ಹಳೇ ಶಾಫ್ಟ್ ಕತ್ತರಿಸಿ ಮಧ್ಯೆ ಬೆಸೆದು ಕೊಡುತ್ತೇವೆ ಅಂದರೆ ಬೇಡ ಅನ್ನಿ. ಇಎನ್-24 ಎಂಬ ಗಟ್ಟಿ ಮಿಶ್ರ ಉಕ್ಕಿನಲ್ಲಿ ಹೊಸ ಶಾಫ್ಟ್ ಮಾಡಿಸಿ, ತುದಿಯ ಹಲ್ಲುಗಳನ್ನು (ಸ್ಪ್ಲೈನ್) ಕತ್ತರಿಸಿದ ಮೇಲೆ ಹೀಟ್ ಟ್ರೀಟ್‌ಮೆಂಟ್ ಮಾಡಿಸಿ. ಭೋಸರಿಯಲ್ಲಿ ಈ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಗಾಡಿಯ ಅಳತೆ ತಂದವರು ಈಗ ಮುಂದೆ ಬನ್ನಿ, ಒಬ್ಬೊಬ್ಬರದಾಗಿ ಬೋರ್ಡ್ ಮೇಲೆ ಲೆಕ್ಕ ಹಾಕೋಣ.