ಹೆಸರು ನಿಮ್ಮದು, ಖಾತೆ ಯಾರದು?

ಆತ್ಮೀಯರೆ,

ಡೊಮೇನ್ ಹೆಸರಿಗೆ, ಅಂದ್ರೆ ವೆಬ್‌ಸೈಟಿನ ವಿಳಾಸಕ್ಕೆ, ಬೆಲೆ ಹೇಗೆ ಬರುತ್ತೆ ಅನ್ನೋದು ಇವತ್ತಿನ ವಿಷಯ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರಿಗೆ ಮಾರಾಟವಾದ ಸುದ್ದಿ ನೀವು ಓದಿರ್ತೀರಿ. ಅದನ್ನು ಓದಿ ಹತ್ತಾರು ಹೆಸರು ಕೊಂಡಿಟ್ಟು ಗಿರಾಕಿ ಕಾಯ್ತಿರೋ ಹುಡುಗರೂ ಈ ಸಭೆಯಲ್ಲಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಅಂಗಡಿ ಇಟ್ಟವರ ಹತ್ರ ಮಾತಾಡಬೇಕು.

ನಮ್ಮ ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ. ತಂದೆ ಕಾಲದ್ದು. ಮಗ ವ್ಯವಹಾರಕ್ಕೆ ಬಂದಮೇಲೆ ವೆಬ್‌ಸೈಟ್ ಮಾಡಿಸಿದ. ಬಿಲ್ ಪುಸ್ತಕ, ಬೋರ್ಡು, ಕೈಚೀಲ, ಎಲ್ಲದರ ಮೇಲೂ ವಿಳಾಸ ಅಚ್ಚಾಯ್ತು. ದುಗ್ಗಮ್ಮನ ಜಾತ್ರೆ ಬಂದಾಗ ಹರಿಹರ, ಜಗಳೂರು ಕಡೆಯಿಂದ ಬರೋರು ಸೀರೆ ಫೋಟೋ ಫೋನಿನಲ್ಲೇ ನೋಡಿ, 'ಇದೇ ತೋರಿಸ್ರಿ' ಅಂತ ಬರೋ ಮಟ್ಟಕ್ಕೆ ಆ ವಿಳಾಸ ಓಡಾಡ್ತು. ಒಂದಿನ ಯಜಮಾನರು ನನಗೆ ಫೋನ್ ಮಾಡಿದ್ರು: 'ಸರ್ರ, ನಮ್ಮ ಅಂಗಡಿ ಹೆಸರು ಹೊಡೆದ್ರೆ ಇಸ್ಪೀಟ್ ಆಟ ಬರ್ತೈತ್ರಿ. ಬೀಗರು ಫೋನ್ ಮಾಡಿ ಕೇಳಾಕ್ಹತ್ಯಾರ, ಏನ್ ಹೇಳ್ಲಿ?'

ಹೋಗಿ ನೋಡಿದೆ. ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಇಮೇಲಿನಲ್ಲಿ, ತನ್ನ ಖಾತೆಯಲ್ಲಿ ನೋಂದಾಯಿಸಿದ್ದ. ಮೋಸ ಮಾಡೋ ಉದ್ದೇಶ ಅವನಿಗೆ ಇರಲಿಲ್ಲ, ಕೆಲಸ ಬೇಗ ಮುಗೀಲಿ ಅಂತ ಅಷ್ಟೇ. ಆಮೇಲೆ ಬೆಂಗಳೂರಿಗೆ ಹೋದ, ನಂಬರ್ ಬದಲಾಯ್ತು. ನೋಂದಣಿ ಅವಧಿ ಮುಗಿಯೋಕೆ ತಿಂಗಳ ಮುಂಚೆ, ಮತ್ತೆ ವಾರದ ಮುಂಚೆ ರಿಜಿಸ್ಟ್ರಾರ್, ಅಂದ್ರೆ ಹೆಸರು ನೋಂದಾಯಿಸಿಕೊಡೋ ಕಂಪನಿ, ನೆನಪೋಲೆ ಕಳಿಸಲೇಬೇಕು, ಅದು ನಿಯಮ. ಕಳಿಸಿದ್ರು ಕೂಡ. ಹೋಗಿದ್ದು ಯಾರೂ ತೆರೆಯದ ಒಂದು ಇಮೇಲಿಗೆ! ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈಬಿಡಲ್ಲ. ಸಾಮಾನ್ಯವಾಗಿ ಮೊದಲು ಸ್ವಲ್ಪ ದಿನ ಕಾಲಾವಕಾಶ ಸಿಗುತ್ತೆ. ಆಮೇಲೆ 30 ದಿನ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸ್ಕೊಳ್ಳಬಹುದು, ಕೊನೆಗೆ 5 ದಿನ ಏನೂ ಮಾಡೋಕಾಗಲ್ಲ, ಅಲ್ಲಿಗೆ ಹೆಸರು ಬಯಲಿಗೆ, ಯಾರು ಬೇಕಾದ್ರೂ ಕೊಳ್ಳಬಹುದು. ಅಷ್ಟೂ ದಿನ ಅಂಗಡಿಯಲ್ಲಿ 'ನೆಟ್ ಸರಿ ಇಲ್ಲ' ಅಂದ್ಕೊಂಡಿದ್ರು.

ಈಗ ಯೋಚನೆ ಮಾಡಿ, ಯಾವುದೋ ಊರಿನ ಜೂಜಿನವನಿಗೆ ನಮ್ಮ ಮಂಡಿಪೇಟೆ ಬಟ್ಟೆ ಅಂಗಡಿ ಹೆಸರು ಯಾಕೆ ಬೇಕು? ಆ ಹೆಸರು ಹೊಡೆದು ಬರೋ ಜನ ಇದ್ದರು, ಬೇರೆ ಬೇರೆ ಸೈಟಿನಿಂದ ಅದಕ್ಕೆ ಕೊಂಡಿಗಳಿದ್ದವು, ಗೂಗಲ್‌ಗೆ ಅದರ ಪರಿಚಯ ಇತ್ತು. ಅವನು ಕೊಂಡಿದ್ದು ಇದನ್ನೇ. ಯಜಮಾನರ ಲೆಕ್ಕದಲ್ಲಿ ಅದು ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿ ಖರ್ಚಿನ ಬಾಬತ್ತು. ಬೆಲೆ ಗೊತ್ತಿದ್ದದ್ದು ಹೊರಗಿನವನಿಗೆ. ಹೊಲ ಉತ್ತು ಬಿತ್ತಿ ಹಸನು ಮಾಡಿದೋರು ಇವರು, ಪಹಣಿ ಮಾತ್ರ ಇನ್ನೊಬ್ಬರ ಹೆಸರಲ್ಲಿ. ಅದಕ್ಕೇ ನಾನು ಎಲ್ಲಿ ಹೋದರೂ ಮೊದಲು ಕೇಳೋದು, ಖಾತೆ ಯಾರದು?

ಬೆಲೆ ಬರೋದು ಬಳಕೆಯಿಂದ ಅನ್ನೋದನ್ನು ನಮ್ಮ ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿದೆ. 'ಸಿಫಿ' ಅನ್ನೋದು ಸತ್ಯಂ ಇನ್ಫೋವೇ ಕಂಪನಿ ಕಟ್ಟಿಕೊಂಡ ಪದ, ಯಾವ ನಿಘಂಟಿನಲ್ಲೂ ಇರಲಿಲ್ಲ. ಅದನ್ನೇ ಹೋಲುವ 'ಸಿಫಿನೆಟ್' ಅನ್ನು ಇನ್ನೊಬ್ಬರು ನೋಂದಾಯಿಸಿದಾಗ ಕೋರ್ಟು ಮೊದಲಿನವರ ಪರ ನಿಂತಿತು. ಡೊಮೇನ್ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತು, ಟ್ರೇಡ್‌ಮಾರ್ಕ್‌ಗೆ ಇರೋ ರಕ್ಷಣೆ ಇದಕ್ಕೂ ಇದೆ ಅಂತು.

ಹಾಗಂತ ಹೆಸರಿನ ಗುಣಕ್ಕೆ ಬೆಲೆ ಇಲ್ಲ ಅಂತಲ್ಲ. ಫೋನಿನಲ್ಲಿ ಒಂದು ಸಲ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಹೊಡೀಬೇಕು, ಇದೇ ದೊಡ್ಡ ಪರೀಕ್ಷೆ. ನಮ್ಮೂರ ಹೆಸರನ್ನೇ ನೋಡಿ. ಜಿಲ್ಲಾಡಳಿತದ ವಿಳಾಸದಲ್ಲಿ ಇಂಗ್ಲಿಷಿನ 'ಎ' ಒಂದು ಹೆಚ್ಚು, ವಿಶ್ವವಿದ್ಯಾಲಯದ ವಿಳಾಸದಲ್ಲಿ ಅದು ಇಲ್ಲ. 'ಬೆಣ್ಣೆ ದೋಸೆ'ಗೆ ಎಷ್ಟು 'ಎನ್', ಕೊನೆಗೆ 'ಎ'ನೋ 'ಇ'ನೋ, ಈ ಸಾಲಿನಲ್ಲಿ ಕೂತಿರೋರನ್ನೇ ಕೇಳಿದರೆ ನಾಲ್ಕು ಉತ್ತರ ಬರುತ್ತೆ. ಊರಿನ ಹೆಸರು ಸೇರಿಸೋದಾದ್ರೆ ಎರಡೂ ರೂಪ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಿ. ಚಿಕ್ಕದಿದ್ದಷ್ಟೂ ಒಳ್ಳೇದು. 2010ರಲ್ಲಿ ಫೇಸ್‌ಬುಕ್ ಬರೀ 'ಎಫ್‌ಬಿ' ಅನ್ನೋ ಎರಡಕ್ಷರದ ಡಾಟ್ ಕಾಮ್ ಕೊಂಡಿದ್ದು ಅಮೆರಿಕದ ಒಂದು ರೈತ ಸಂಘಟನೆಯಿಂದ, 85 ಲಕ್ಷ ಡಾಲರಿಗೆ! ಆ ರೈತರು ಹೆಸರನ್ನು ತಮ್ಮ ಸಂಘದ ಖಾತೆಯಲ್ಲೇ ಇಟ್ಕೊಂಡಿದ್ರು, ಅದಕ್ಕೇ ದುಡ್ಡು ಸಂಘಕ್ಕೆ ಬಂತು.

ಸಮಯ ಆಯ್ತು ಅಂತ ಚೀಟಿ ಬಂದಿದೆ, ಉಳಿದದ್ದು ಬೇಗ ಹೇಳಿಬಿಡ್ತೀನಿ. ಹೆಸರಿನ ಬಾಲಕ್ಕೂ, ಅಂದ್ರೆ ಡಾಟ್ ಆದಮೇಲೆ ಬರೋ ಭಾಗಕ್ಕೂ, ಬೆಲೆ ಇದೆ. ಡಾಟ್ ಬ್ಯಾಂಕ್ ಡಾಟ್ ಇನ್ ಬ್ಯಾಂಕುಗಳಿಗೆ ಬಿಟ್ಟು ಯಾರಿಗೂ ಸಿಗಲ್ಲ, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಹೋಗಿ ಅಂತ ರಿಸರ್ವ್ ಬ್ಯಾಂಕ್ ಹೇಳಿತು, ನಕಲಿ ಸೈಟುಗಳ ಕಾಟ ಅಷ್ಟಿತ್ತು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ. ನಮ್ಮ ಹೆಸರು ನಮ್ಮ ಅಕ್ಷರದಲ್ಲಿ, ದಯವಿಟ್ಟು ಕೊಳ್ಳಿ.

ಹೆಸರು ಕೊಂಡಿಟ್ಟ ಹುಡುಗರೇ, ಕಂಪನಿಗಳ ಟ್ರೇಡ್‌ಮಾರ್ಕ್ ಹೆಸರು ಹಿಡಿದು ಕೂರಬೇಡಿ. ದೂರು ಹೋದರೆ ಹೆಸರೂ ಹೋಗುತ್ತೆ, ಕಟ್ಟಿದ ಶುಲ್ಕವೂ ಹೋಗುತ್ತೆ. ಸಾಮಾನ್ಯ ಪದಗಳಾದ್ರೆ ನಿಮ್ಮ ಧೈರ್ಯ. ಆದರೆ ಅದರಲ್ಲೊಂದು ಹೆಸರಿಗಾದ್ರೂ ಏನಾದರೂ ಕಟ್ಟಿ, ನಾಲ್ಕು ಜನ ಬರೋ ಹಾಗೆ ಮಾಡಿ.

ಊಟದವರೆಗೂ ನಾನು ಇಲ್ಲೇ ಇರ್ತೀನಿ. ರಿಜಿಸ್ಟ್ರಾರ್ ಲಾಗಿನ್ ಇರೋರು ಫೋನ್ ತಗೊಂಡು ಬನ್ನಿ, ಅವಧಿ ತಾನಾಗೇ ಮುಂದುವರಿಯೋ ಹಾಗೆ ಆಟೋ ರಿನ್ಯೂವಲ್ ಹಾಕಿ, ಹೆಸರು ಬೇರೆ ಕಡೆ ಹೋಗದ ಹಾಗೆ ಲಾಕ್ ಮಾಡಿ ಕಳಿಸ್ತೀನಿ. ಲಾಗಿನ್ ಯಾರ ಹತ್ರ ಇದೆ ಅಂತಲೇ ಗೊತ್ತಿಲ್ಲದೋರು ಮೊದಲು ಬನ್ನಿ.